ಹಳೆ ಲಾರಿಯ ಹೌಸಿಂಗ್ ಒಳಗೆ 6/41ಓ 7/41ಓ? ಪತ್ತೆ ಮಾಡುವ ದಾರಿಗಳು, ಆರಿಸುವ ಲೆಕ್ಕ

ನನ್ನ ಆರು ಚಕ್ರದ ಲಾರಿಯ ಹೌಸಿಂಗ್ (ಹಿಂದಿನ ಚಕ್ರಗಳ ನಡುವೆ ಗೇರ್ ಕೂತಿರುವ ಕವಚ) ಕೂಗಲು ಶುರು ಮಾಡಿದ್ದು ಟೊಮೆಟೊ ಸೀಸನ್ ಮಧ್ಯದಲ್ಲಿ. ಕೋಲಾರ ಎಪಿಎಂಸಿಯಲ್ಲಿ ಲೋಡ್ ಹಾಕಿಸಿಕೊಂಡು ಮುಳಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕುಂಯ್ ಅಂತ ಒಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ಕಡಿಮೆ. ಕ್ರೌನ್ ಪಿನಿಯನ್ (ಹೌಸಿಂಗ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್) ಹೋಗಿದೆ ಅನ್ನಲು ಮೇಸ್ತ್ರಿಯೇ ಬರಬೇಕಾಗಿರಲಿಲ್ಲ.

ಹೌಸಿಂಗ್ ಮೇಲೆ ಅಂಗೈಗಿಂತ ಚಿಕ್ಕ ತಗಡಿನ ಪ್ಲೇಟ್ ಒಂದಿತ್ತು. ಮಣ್ಣು ಕೆರೆದು, ಗ್ರೀಸ್ ಒರೆಸಿ ನೋಡಿದೆ. 7/41 ಅಂತಿತ್ತು. ಗಾಡಿ ಮಾರಿದವರೂ ಅದನ್ನೇ ಹೇಳಿದ್ದರು. ಸರಿ ಅಂತ ಬೆಂಗಳೂರಿಗೆ ಹೋಗಿ 7/41 ಸೆಟ್ ತಂದೆ. ಇತ್ತ ಮೇಸ್ತ್ರಿ ಡಿಫರೆನ್ಷಿಯಲ್ (ಕ್ರೌನ್ ಪಿನಿಯನ್ ಕೂತಿರುವ, ಓಟವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್ ಸೆಟ್) ಇಳಿಸಿ, ಡೀಸೆಲ್‌ನಲ್ಲಿ ತೊಳೆದು, ಪಿನಿಯನ್ ಹಲ್ಲು ಎಣಿಸಿದರು. ಆರು. ಇನ್ನೊಂದು ಸಲ ಎಣಿಸಿದರು. ಆರೇ.

"ಪ್ಲೇಟ್ ಹೊಡೆದಿರೋದು ಹೌಸಿಂಗಿಗೆ ಕಣಪ್ಪಾ, ಹಲ್ಲಿಗಲ್ಲ" ಅಂದರು.

ಅಂಗಡಿಯವರು ಸೆಟ್ ವಾಪಸ್ ತೆಗೆದುಕೊಳ್ಳಲಿಲ್ಲ. ಕವರ್ ಬಿಚ್ಚಿದ ಮಾಲು ವಾಪಸ್ ಇಲ್ಲ ಅಂತ ಬಿಲ್ ಹಿಂದೆ ಬರೆದೇ ಇತ್ತು, ನಾನು ಓದಿರಲಿಲ್ಲ. ಅಲ್ಲಿಂದ ಈಚೆಗೆ ಈ ವಿಷಯದಲ್ಲಿ ನನಗೆ ಗೊತ್ತಾದದ್ದನ್ನೆಲ್ಲ ಇಲ್ಲಿ ಹಾಕಿದ್ದೇನೆ. ಹಳೆ ಲಾರಿ ಇಟ್ಟುಕೊಂಡವರಿಗೆ ಎರಡು ಪ್ರಶ್ನೆ ಬರುತ್ತವೆ. ಒಳಗೆ ಯಾವ ರೇಶಿಯೋ (ಎರಡರ ಹಲ್ಲುಗಳ ಅನುಪಾತ) ಇದೆ ಅಂತ ಪತ್ತೆ ಮಾಡೋದು ಹೇಗೆ? ಬದಲಾಯಿಸುವ ಹಾಗಿದ್ದರೆ ಯಾವುದು ಹಾಕಬೇಕು?

ಮೊದಲು ಆ ನಂಬರ್ ಏನು ಅಂತ

ಪಿನಿಯನ್‌ಗೆ 7 ಹಲ್ಲು, ಕ್ರೌನ್‌ಗೆ 41 ಹಲ್ಲು ಇದ್ದರೆ 7/41. 41ನ್ನು 7ರಿಂದ ಭಾಗಿಸಿ, 5.86 ಬರುತ್ತದೆ. ಅಂದರೆ ಗೇರ್‌ಬಾಕ್ಸ್‌ನಿಂದ ಹೌಸಿಂಗ್‌ಗೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 5.86 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 6/41 ಆದರೆ 6.83 ಸುತ್ತಿಗೆ ಒಂದು. ನಂಬರ್ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. 6/37 ಬಂದರೆ 6.17, ಇವೆರಡರ ನಡುವಿನದು.

41 ಯಾಕೆ, ಸುಮ್ನೆ 42 ಮಾಡಬಹುದಿತ್ತಲ್ಲ ಅಂತ ನಾನೂ ಕೇಳಿದ್ದೆ. ಪಿನಿಯನ್‌ಗೆ 6, ಕ್ರೌನ್‌ಗೆ 42 ಇದ್ದರೆ ಪಿನಿಯನ್‌ನ ಒಂದು ಹಲ್ಲು ಯಾವಾಗಲೂ ಕ್ರೌನ್‌ನ ಅದೇ ಏಳು ಹಲ್ಲುಗಳನ್ನೇ ಉಜ್ಜುತ್ತಿರುತ್ತದೆ. ಒಂದು ಹಲ್ಲು ಹಾಳಾದರೆ ಆ ಏಳೂ ಹಾಳು. 41 ಇದ್ದರೆ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲ ಹಲ್ಲುಗಳನ್ನೂ ಭೇಟಿ ಮಾಡುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ.

ಪತ್ತೆ ಮಾಡುವ ದಾರಿಗಳು

ಪ್ಲೇಟ್ ನೋಡೋದು ಎಲ್ಲಕ್ಕಿಂತ ಸುಲಭ. ಐದು ನಿಮಿಷದ ಕೆಲಸ, ಖರ್ಚಿಲ್ಲ. ನಂಬಿಕೆಗೆ ಮಾತ್ರ ಕೊನೆಯ ಸ್ಥಾನ. ಇಪ್ಪತ್ತು ವರ್ಷ ಓಡಿದ ಗಾಡಿಯ ಕ್ರೌನ್ ಪಿನಿಯನ್ ಒಂದು ಸಲವಾದರೂ ಬದಲಾಗಿರುತ್ತದೆ. ಕೆಲವು ಸಲ ಹೌಸಿಂಗೇ ಗುಜರಿಯಿಂದ ಬಂದದ್ದಾಗಿರುತ್ತದೆ. ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಸರ್ವೀಸ್ ಕಡೆ ಕೇಳಿದರೂ ಅಷ್ಟೇ, ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಏನಿತ್ತು ಅನ್ನೋದನ್ನು ಮಾತ್ರ ಹೇಳಬಲ್ಲರು. ಆರ್‌ಸಿ ಬುಕ್‌ನಲ್ಲಿ ಹುಡುಕಬೇಡಿ, ಅದರಲ್ಲಿ ಈ ವಿವರ ಇರಲ್ಲ.

ಎರಡನೆಯದು ಓಡಿಸಿ ಲೆಕ್ಕ ಹಾಕೋದು. ಇದಕ್ಕೆ ಆರ್‌ಪಿಎಂ ಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) ಕೆಲಸ ಮಾಡುತ್ತಿರಬೇಕು. ಹಳೆ ಗಾಡಿಯಲ್ಲಿ ಅದೇ ದೊಡ್ಡ ತೊಡಕು. ನೇರ ರಸ್ತೆಯಲ್ಲಿ, ನರಸಾಪುರದಿಂದ ಹೊಸಕೋಟೆ ಕಡೆಗೆ ಹೋಗುವಾಗ ಅಂತಿಟ್ಟುಕೊಳ್ಳಿ, ಟಾಪ್ ಗೇರ್‌ನಲ್ಲಿ ಒಂದೇ ವೇಗ ಹಿಡಿಯಬೇಕು. ವೇಗವನ್ನು ಮೊಬೈಲ್‌ನ ಜಿಪಿಎಸ್‌ನಲ್ಲಿ ನೋಡಬೇಕು, ಗಾಡಿಯ ಮೀಟರ್‌ನಲ್ಲಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಓಡಿಸುವವರು ಓಡಿಸಲಿ, ಬರೆದುಕೊಳ್ಳೋದು ಕ್ಲೀನರ್ ಕೆಲಸ. ಇಂಜಿನ್ ಆರ್‌ಪಿಎಂ ಅನ್ನು ಟೈರಿನ ಸುತ್ತಳತೆಯಿಂದ ಗುಣಿಸಿ, ಮತ್ತೆ 60ರಿಂದ ಗುಣಿಸಿ, ಬಂದದ್ದನ್ನು ವೇಗದ ಸಾವಿರ ಪಟ್ಟಿನಿಂದ ಭಾಗಿಸಿ. ಸುತ್ತಳತೆ ಮೀಟರ್‌ನಲ್ಲಿರಬೇಕು. 10.00-20 ಅಳತೆಯ ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ, 9.00-20 ಸುಮಾರು 3.1.

ಉದಾಹರಣೆಗೆ 50 ಕಿ.ಮೀ. ವೇಗದಲ್ಲಿ ಮೀಟರ್ 1750 ತೋರಿಸಿತು, ಟೈರ್ 10.00-20. 1750ನ್ನು 3.2ರಿಂದ, ಮತ್ತೆ 60ರಿಂದ ಗುಣಿಸಿದರೆ 3,36,000. ಅದನ್ನು 50,000ದಿಂದ ಭಾಗಿಸಿದರೆ 6.72. ಅಂಥ ರೇಶಿಯೋ ಮೇಲೆ ಹೇಳಿದ ಮೂರರಲ್ಲಿಲ್ಲ, ಹತ್ತಿರದ್ದು 6.83. ಹಾಗಾಗಿ 6/41. ಟಾಪ್ ಗೇರ್ ಡೈರೆಕ್ಟ್ (ಇಂಜಿನ್ ಒಂದು ಸುತ್ತಿಗೆ ಶಾಫ್ಟ್ ಒಂದು ಸುತ್ತು) ಇದ್ದರೆ ಮಾತ್ರ ಈ ಲೆಕ್ಕ ನೇರವಾಗಿ ಬರುತ್ತದೆ. ಓವರ್‌ಡ್ರೈವ್ (ಇಂಜಿನ್‌ಗಿಂತ ಶಾಫ್ಟ್ ಜಾಸ್ತಿ ತಿರುಗುವ ಗೇರ್) ಇದ್ದರೆ ಆ ಗೇರ್‌ನ ನಂಬರ್‌ನಿಂದ ಇನ್ನೊಂದು ಸಲ ಭಾಗಿಸಬೇಕು.

ಟೈರ್ ಸವೆದಿದ್ದರೆ, ಗಾಳಿ ಕಡಿಮೆ ಇದ್ದರೆ ಮೂರು ನಾಲ್ಕು ಪರ್ಸೆಂಟ್ ಆಚೀಚೆ ಆಗುತ್ತದೆ. 6/41ಕ್ಕೂ 7/41ಕ್ಕೂ 14 ಪರ್ಸೆಂಟ್ ಅಂತರ ಇರುವುದರಿಂದ ಅವೆರಡನ್ನು ಬೇರೆ ಮಾಡಬಹುದು. 7/41ಕ್ಕೂ 6/37ಕ್ಕೂ ಇರುವ ಅಂತರ ಐದೇ ಪರ್ಸೆಂಟ್. ಅಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಮೂರನೆಯದು ಸೀಮೆಸುಣ್ಣದ ದಾರಿ. ನನಗೆ ಇದೇ ಇಷ್ಟ. ಎರಡು ಸೀಮೆಸುಣ್ಣ, ಒಂದು ಜಾಕಿ, ಇಬ್ಬರು ಜನ, ಅರ್ಧ ಗಂಟೆ.

ಗಾಡಿ ಖಾಲಿ ಇರಬೇಕು, ನೆಲ ಸಮತಟ್ಟಾಗಿರಬೇಕು. ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಅದಕ್ಕೇ ಮೊದಲು ಮುಂದಿನ ಎರಡೂ ಚಕ್ರಗಳಿಗೆ, ನೆಲದ ಮೇಲೆ ಉಳಿಯುವ ಹಿಂದಿನ ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿಯಾಗಿ ಕಲ್ಲು ಕೊಡಿ. ಮರದ ದಿಮ್ಮಿ ಇದ್ದರೆ ಇನ್ನೂ ಒಳ್ಳೆಯದು. ಏರ್ ಬ್ರೇಕ್‌ನ ಗಾಡಿಯಾದರೆ ಟ್ಯಾಂಕ್‌ನಲ್ಲಿ ಗಾಳಿ ತುಂಬುವವರೆಗೆ ಹ್ಯಾಂಡ್ ಬ್ರೇಕ್ ಬಿಡಲ್ಲ, ಮೊದಲೇ ಸ್ಟಾರ್ಟ್ ಮಾಡಿ ಗಾಳಿ ತುಂಬಿಸಿ. ಆಮೇಲೆ ಇಂಜಿನ್ ಆಫ್, ಬೀಗದ ಕೈ ನಿಮ್ಮ ಜೇಬಲ್ಲಿ, ಗೇರ್ ನ್ಯೂಟ್ರಲ್. ಹಿಂದಿನ ಒಂದು ಕಡೆ ಮಾತ್ರ ಎತ್ತಿ, ಜಾಕಿ ಪಕ್ಕ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿಕೊಂಡು ಗಾಡಿ ಕೆಳಗೆ ತಲೆ ಹಾಕುವವರನ್ನು ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಒಂದೇ ಕಡೆ ಎತ್ತೋದು ಯಾಕೆ? ಎರಡೂ ಕಡೆ ಎತ್ತಿ ಒಂದು ಚಕ್ರ ತಿರುಗಿಸಿದರೆ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡದೆ ನಿಂತಿರುತ್ತದೆ. ಡಿಫರೆನ್ಷಿಯಲ್ ಇರೋದೇ ಹಾಗೆ. ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್ ಒಂದು ಕಡೆ ಕಟ್ಟಾದರೆ ಇನ್ನೊಂದು ಚೆನ್ನಾಗಿದ್ದರೂ ಗಾಡಿ ಮುಂದಕ್ಕೆ ಹೋಗಲ್ಲ ಅಲ್ವಾ, ಅದಕ್ಕೂ ಇದೇ ಕಾರಣ. ಒಂದು ಚಕ್ರ ನೆಲದಲ್ಲಿ ಭದ್ರವಾಗಿದ್ದರೆ, ಎತ್ತಿದ ಚಕ್ರ ಎರಡು ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು ಬರುತ್ತದೆ. ಈ ಎರಡಕ್ಕೆ ಒಂದು ಅನ್ನೋದನ್ನು ಮರೆತೇ ಎಷ್ಟೋ ಜನ ತಪ್ಪು ಲೆಕ್ಕ ಹಾಕುತ್ತಾರೆ. ಚಕ್ರ ಒಂದೇ ಸುತ್ತು ತಿರುಗಿಸಿ, ಶಾಫ್ಟ್ ಮೂರೂವರೆ ಸುತ್ತು ಬಂತು, ಇದೇನು ಕಾರಿನ ರೇಶಿಯೋ ಇದೆಯಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಟೈರ್ ಮೇಲೊಂದು ಗೀಟು, ಅದರ ಎದುರಿಗೆ ಬಾಡಿ ಮೇಲೊಂದು ಗೀಟು. ಶಾಫ್ಟ್‌ನ ಜಾಯಿಂಟ್ ಪಕ್ಕ ಒಂದು, ಹೌಸಿಂಗ್ ಮೂತಿಯ ಮೇಲೆ ಒಂದು. ಶುರು ಮಾಡುವ ಮೊದಲು ಚಕ್ರವನ್ನು ಯಾವ ಕಡೆ ತಿರುಗಿಸುತ್ತೀರೋ ಅದೇ ಕಡೆ ಸ್ವಲ್ಪ ಎಳೆದು ಪ್ಲೇ (ಹಲ್ಲುಗಳ ನಡುವಿನ ಸಡಿಲ) ತೆಗೆಯಿರಿ, ಆಮೇಲೆ ಗೀಟು ಹಾಕಿ. ಹಳೆ ಡಿಫರೆನ್ಷಿಯಲ್‌ನಲ್ಲಿ ಪ್ಲೇ ಇದ್ದೇ ಇರುತ್ತದೆ. ಒಬ್ಬರು ಚಕ್ರ ತಿರುಗಿಸಿ ಅದರ ಸುತ್ತು ಎಣಿಸಬೇಕು, ಇನ್ನೊಬ್ಬರು ಶಾಫ್ಟ್ ಸುತ್ತು. ಬಾಯಿಬಿಟ್ಟು ಎಣಿಸಿ, ಆದರೆ ಒಬ್ಬರ ಎಣಿಕೆ ಇನ್ನೊಬ್ಬರ ಕಿವಿಗೆ ಬೀಳಬಾರದು. ನಮ್ಮ ಕ್ಲೀನರ್ ಹುಡುಗ ನನ್ನ ಎಣಿಕೆ ಕೇಳಿ ಎರಡು ಸಲ ದಾರಿ ತಪ್ಪಿದ.

ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ. ಕ್ರೌನ್ ಹತ್ತು ಸುತ್ತು ಬಂದಿರುತ್ತದೆ. ಶಾಫ್ಟ್ 68 ದಾಟಿ ಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ಬಂದರೆ 6/41. ಐವತ್ತೆಂಟೂವರೆ ಆಸುಪಾಸು ಬಂದರೆ 7/41. ಎರಡು ಸುತ್ತಿಗೇ ನಿಲ್ಲಿಸಿದರೆ ಆರೂಮುಕ್ಕಾಲೋ ಆರೂವರೆಯೋ ಅಂತ ಜಗಳ ಬರುತ್ತದೆ, ಇಪ್ಪತ್ತಕ್ಕೆ ಬರಲ್ಲ.

ಇದಕ್ಕೂ ಒಂದು ಮಿತಿ ಇದೆ. 6/37 ಅಂದರೆ 61 ದಾಟಿ ಮೂರರಲ್ಲಿ ಎರಡು ಭಾಗ, 7/43 ಅಂದರೆ 61 ದಾಟಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಗಾಡಿ ಕೆಳಗೆ ಮಲಗಿ ಇಷ್ಟು ಸಣ್ಣ ಅಂತರ ಹೇಳೋದು ಕಷ್ಟ. ಹಬ್‌ನಲ್ಲೇ ಇನ್ನೊಂದು ಸೆಟ್ ಗೇರ್ ಇರುವ ಹಬ್ ರಿಡಕ್ಷನ್ ಗಾಡಿಯಾದರೆ ಸೀಮೆಸುಣ್ಣ ಕೊಡೋದು ಎರಡೂ ಸೇರಿದ ಒಟ್ಟು ಲೆಕ್ಕ. ಓಟಕ್ಕೆ ಅದೇ ಬೇಕು, ಸಾಮಾನು ತರೋಕೆ ಆಗಲ್ಲ.

ಕೊನೆಯದು ಇಳಿಸಿ ಎಣಿಸೋದು. ಆಯಿಲ್ ತೆಗೆದು, ಎರಡೂ ಆಕ್ಸಲ್ ಶಾಫ್ಟ್ ಎಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಡಿಫರೆನ್ಷಿಯಲ್ ಹೊರಗೆ ತರಬೇಕು. ಭಾರದ ಸಾಮಾನು, ಮೇಸ್ತ್ರಿ ಕೆಲಸ. ಕ್ರೌನ್ ಎಣಿಸುವಾಗ ಒಂದು ಹಲ್ಲಿಗೆ ಗುರುತು ಹಾಕಿಕೊಂಡು ಶುರು ಮಾಡಿ, ಇಲ್ಲದಿದ್ದರೆ 41 ಇದ್ದದ್ದು 40 ಅಥವಾ 42 ಆಗುತ್ತದೆ. ಎಷ್ಟೋ ಸೆಟ್‌ಗಳಲ್ಲಿ ಪಿನಿಯನ್ ತುದಿಯಲ್ಲೂ ಕ್ರೌನ್ ಅಂಚಿನಲ್ಲೂ ಹಲ್ಲಿನ ಲೆಕ್ಕ, ಜೋಡಿ ನಂಬರ್ ಕೊರೆದಿರುತ್ತದೆ. ಎರಡರ ಮೇಲೂ ಜೋಡಿ ನಂಬರ್ ಒಂದೇ ಇರಬೇಕು. ಫ್ಯಾಕ್ಟರಿಯಲ್ಲಿ ಆ ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಅದಕ್ಕೇ ಪಿನಿಯನ್ ಮಾತ್ರ ಹಾಕಿ ದುಡ್ಡು ಉಳಿಸುತ್ತೇನೆ ಅನ್ನೋದು ಆಗದ ಮಾತು, ಹಾಕಿದರೆ ಕೂಗು ಗ್ಯಾರಂಟಿ.

ಹಾಗಾದರೆ ಯಾವ ದಾರಿ ಹಿಡಿಯೋದು? ನಿಮಗೆ ಲೆಕ್ಕ ಯಾಕೆ ಬೇಕು ಅನ್ನೋದನ್ನು ನೋಡಿಕೊಳ್ಳಿ. ಹಳೆ ಗಾಡಿ ಕೊಳ್ಳೋಕೆ ಹೋಗಿದ್ದೀರಾ, ಮಾರುವವರು ಟ್ರಯಲ್‌ಗೆ ಬಿಡುತ್ತಾರಾ, ಓಡಿಸಿ ಲೆಕ್ಕ ಹಾಕಿ ಸಾಕು. ಗಾಡಿ ನಿಮ್ಮದೇ, ಡೀಸೆಲ್ ಜಾಸ್ತಿ ಕುಡಿಯುತ್ತಿದೆ, ಯಾಕೆ ಅಂತ ತಿಳಿಯಬೇಕಾ, ಸೀಮೆಸುಣ್ಣ. ಸಾಮಾನು ಕೊಳ್ಳೋಕೆ ಹೊರಟಿದ್ದೀರಾ, ಇಳಿಸಿ ಎಣಿಸಿದ ಮೇಲೆಯೇ ಬಸ್ ಹತ್ತಿ. ಹಳೆಯ ಪಿನಿಯನ್ನನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.

6/41, 7/41: ಯಾರಿಗೆ ಯಾವುದು

10.00-20 ಟೈರ್, ಟಾಪ್ ಗೇರ್ ಡೈರೆಕ್ಟ್ ಅಂತಿಟ್ಟುಕೊಂಡು ಇಂಜಿನ್ ಎಷ್ಟು ತಿರುಗುತ್ತದೆ ಅಂತ ಲೆಕ್ಕ ಹಾಕಿದ್ದೇನೆ:

| ವೇಗ, ಕಿ.ಮೀ. | 6/41 | 6/37 | 7/41 |
|---|---|---|---|
| 40 | 1420 | 1280 | 1220 |
| 50 | 1780 | 1610 | 1530 |
| 60 | 2140 | 1930 | 1830 |
| 70 | 2490 | 2250 | 2140 |

ಇದನ್ನು ನೋಡಿದ ತಕ್ಷಣ 7/41 ಹಾಕಿಸಿಬಿಡೋಣ ಅನ್ನಿಸುತ್ತದೆ. 70ರಲ್ಲಿ ಓಡಿದರೂ ಇಂಜಿನ್ 6/41ರ 60ರ ಸದ್ದೇ ಮಾಡುತ್ತದೆ, ಡೀಸೆಲ್ ಉಳಿಯುತ್ತದೆ ಅಂತ. ಖಾಲಿ ಗಾಡಿಗೆ, ಸಮತಟ್ಟು ರಸ್ತೆಗೆ ಅದು ನಿಜ. ಆದರೆ ಇಂಜಿನ್ ಎಷ್ಟು ಕಡಿಮೆ ತಿರುಗುತ್ತದೋ ಚಕ್ರಕ್ಕೆ ಸಿಗುವ ಎಳೆತವೂ ಅಷ್ಟೇ ಕಡಿಮೆ. ಏಳರಲ್ಲಿ ಒಂದು ಭಾಗ ಹೋಯಿತು ಅಂತಲೇ ಲೆಕ್ಕ. ಹಳೆ ಇಂಜಿನ್‌ಗೆ ಲೋಡ್ ಹಾಕಿ 40ರಲ್ಲಿ ಸಣ್ಣ ಏರು ಸಿಕ್ಕರೆ, 7/41ರಲ್ಲಿ 1220 ಆರ್‌ಪಿಎಂಗೆ ಗದಗದ ಅಂತ ನಡುಗುತ್ತದೆ. ಡ್ರೈವರ್ ಗೇರ್ ಇಳಿಸುತ್ತಾನೆ. ಇಳಿಸಿದ ಮೇಲೆ ಉಳಿತಾಯ ಎಲ್ಲಿ ಬಂತು?

ಚಿಕ್ಕಬಳ್ಳಾಪುರದ ಕಡೆ ಕ್ರಷರ್‌ಗೆ ಟಿಪ್ಪರ್ ಓಡಿಸುವವರಿಗೆ ನನ್ನ ಮಾತು ಒಂದೇ, 6/41 ಇದ್ದರೆ ಮುಟ್ಟಬೇಡಿ. ಕ್ವಾರಿಯೊಳಗಿಂದ ಫುಲ್ ಲೋಡ್‌ನಲ್ಲಿ ಕಚ್ಚಾ ರಸ್ತೆ ಏರಿ ಬರಬೇಕು. ಟಿಪ್ಪರ್‌ಗಳಿಗೆ ಸ್ಪೀಡ್ ಗವರ್ನರ್ (ವೇಗಕ್ಕೆ ಕಡಿವಾಣ ಹಾಕುವ ಸಾಧನ) ಮಿತಿಯೇ 60 ಕಿ.ಮೀ. ಆ ವೇಗಕ್ಕೆ 6/41 ಬೇಕಾದಷ್ಟಾಯಿತು. 7/41 ಹಾಕಿದರೆ ಕ್ಲಚ್ ಪ್ಲೇಟ್ ಮಾರುವವರಿಗೆ ಲಾಭ.

ಊರಿಂದೂರಿಗೆ ಲೋಡ್ ಹೊಡೆಯುವ ಲೈನ್ ಗಾಡಿಗೆ ಉತ್ತರ ಇಷ್ಟು ಸುಲಭ ಅಲ್ಲ. ಲೋಡ್ ಯಾವ ದಿಕ್ಕಿಗೆ ಹೋಗುತ್ತದೆ ಅನ್ನೋದನ್ನು ಯಾರೂ ಕೇಳಲ್ಲ. ಕೋಲಾರ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಚಿತ್ತೂರು 330ರ ಆಸುಪಾಸು. ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದರೆ ಮದ್ರಾಸ್‌ವರೆಗೂ ಹೆಚ್ಚು ಕಡಿಮೆ ಇಳಿಜಾರೇ. ಟೊಮೆಟೊ ಲೋಡ್ ಕೆಳಗಿಳಿಯುತ್ತದೆ, ವಾಪಸ್ ಬರುವಾಗ ಖಾಲಿ ಕ್ರೇಟ್. ಇಷ್ಟೇ ನಿಮ್ಮ ಬಾಡಿಗೆ ಆಗಿದ್ದರೆ 7/41 ಚೆನ್ನಾಗಿ ಹೊಂದುತ್ತದೆ. ಖಾಲಿ ಬರೋದು ನಷ್ಟ ಅಂತ ಅಲ್ಲಿಂದ ಲೋಡ್ ಹಾಕಿಕೊಂಡು ಬರುವವರಿಗೆ ಅದೇ ಘಾಟ್ ಬೇರೆಯೇ ಪಾಠ ಹೇಳುತ್ತದೆ. ಇಳಿಯುವಾಗಲೂ ಒಂದು ನೆನಪಿರಲಿ. 6/41 ಇದ್ದರೆ ಅದೇ ಗೇರ್‌ನಲ್ಲಿ ಇಂಜಿನ್ ಗಾಡಿಯನ್ನು ಜಾಸ್ತಿ ಹಿಡಿಯುತ್ತದೆ. 7/41 ಹಾಕಿಸಿದವರು ಘಾಟ್ ತಲೆಯಲ್ಲೇ ಒಂದು ಗೇರ್ ಕಡಿಮೆ ಮಾಡಿಕೊಂಡು ಇಳಿಯೋದನ್ನು ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವಾದರೆ ಬ್ರೇಕ್ ಡ್ರಮ್ ಕಾಯುತ್ತದೆ.

ಬಾಗೇಪಲ್ಲಿ ದಾಟಿ ಹೈದರಾಬಾದ್ ಕಡೆಗೆ ಹೋಗುವವರು ಒಂದೇ ಸಮನೆ ಗಂಟೆಗಟ್ಟಲೆ ಓಡಿಸುತ್ತಾರೆ. ಅಂಥವರಿಗೆ ಕಣ್ಣು ಮುಚ್ಚಿ 7/41 ಅನ್ನುತ್ತೇನೆ. ಇಂಜಿನ್ ಗಟ್ಟಿಯಾಗಿದ್ದರೆ ಮಾತ್ರ. ಕಂಪ್ರೆಷನ್ ಬಿದ್ದ ಇಂಜಿನ್‌ಗೆ ಮೊದಲು ಇಂಜಿನ್ ಕೆಲಸ, ಆಮೇಲೆ ಹೌಸಿಂಗ್.

ನಡುವಿನ 6/37 ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಡಿಫರೆನ್ಷಿಯಲ್‌ಗೆ ಅದು ಕೂರುತ್ತದೋ ಇಲ್ಲವೋ ಅನ್ನೋದನ್ನು ಮೇಸ್ತ್ರಿ ಕೇಳಿಯೇ ಮುಂದುವರಿಯಿರಿ. ಹಲ್ಲಿನ ಲೆಕ್ಕ ಸರಿ ಇದ್ದ ಮಾತ್ರಕ್ಕೆ ಎಲ್ಲ ಸೆಟ್ಟೂ ಎಲ್ಲ ಹೌಸಿಂಗಿಗೂ ಆಗಲ್ಲ. ಯಾವುದೇ ಹಾಕಿಸಿ, ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಪ್ಲೇ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತಿದೆ ಅಂತ ನೋಡುವ ಮೇಸ್ತ್ರಿ ಕೈಯಲ್ಲೇ ಹಾಕಿಸಿ. ಅಂದಾಜಲ್ಲಿ ಬೋಲ್ಟ್ ಬಿಗಿಯುವವರ ಹತ್ತಿರ ಹೊಸ ಸೆಟ್ ಆರು ತಿಂಗಳೂ ಬಾಳಲ್ಲ.

ರೇಶಿಯೋ ಮುಟ್ಟದೆ ಸ್ವಲ್ಪ ಓಟ ಬೇಕು ಅನ್ನುವವರು 9.00-20 ಬಿಟ್ಟು 10.00-20 ಟೈರ್ ಹಾಕುತ್ತಾರೆ. ಸಿಗೋದು ಮೂರು ಪರ್ಸೆಂಟ್. ಅಷ್ಟಕ್ಕೋಸ್ಕರ ಚಕ್ರದ ಡಿಸ್ಕ್ (ರಿಮ್), ಟೈರ್ ಎಲ್ಲ ಬದಲಾಯಿಸೋದು ನನಗಂತೂ ಸರಿ ಕಾಣಲ್ಲ.

ಹಾಕಿಸಿದ ಮೇಲೆ ಮೀಟರ್ ಕಥೆ

ಕೈಯಲ್ಲಿದ್ದ ಸೆಟ್ ಬಿಸಾಕೋಕೆ ಮನಸ್ಸಾಗದೆ ನಾನು 7/41 ಹಾಕಿಸಿದೆ. ಮೊದಲ ಟ್ರಿಪ್‌ನಲ್ಲೇ ಪಕ್ಕದಲ್ಲಿದ್ದ ಕ್ಲೀನರ್ ಮೊಬೈಲ್ ತೋರಿಸಿದ. "ಅಣ್ಣಾ, ಎಪ್ಪತ್ತು ತೋರಿಸ್ತಿದೆ." ನನ್ನ ಮೀಟರ್‌ನಲ್ಲಿ ಮುಳ್ಳು 60ರ ಮೇಲೆ ಕೂತಿತ್ತು.

ಮೀಟರ್‌ಗೆ ಕೇಬಲ್ ಹೋಗೋದು ಗೇರ್‌ಬಾಕ್ಸ್‌ನ ಹಿಂದಿನಿಂದ. ಅದು ಎಣಿಸೋದು ಶಾಫ್ಟ್‌ನ ಸುತ್ತನ್ನು, ಚಕ್ರದ್ದನ್ನಲ್ಲ. ಹೌಸಿಂಗ್‌ನಲ್ಲಿ 6 ಹೋಗಿ 7 ಬಂದದ್ದು ಅದಕ್ಕೆ ಗೊತ್ತಾಗಲ್ಲ. ಅದು ಆರು ಅಂದಾಗ ಚಕ್ರ ಏಳು ಓಡಿರುತ್ತದೆ. ಕಿಲೋಮೀಟರ್ ಲೆಕ್ಕವೂ ಹಾಗೇ. ಮೀಟರ್‌ನಲ್ಲಿ 600 ತೋರಿಸಿದರೆ ನಿಜಕ್ಕೂ ಓಡಿದ್ದು 700. ಮೀಟರ್ ನಂಬಿ ಡೀಸೆಲ್ ಲೆಕ್ಕ ಹಾಕಿದರೆ ಮೈಲೇಜ್ ಬಿತ್ತು ಅನ್ನಿಸುತ್ತದೆ. ನಾನೂ ಮೊದಲ ವಾರ ಹಾಗೇ ಅಂದುಕೊಂಡು ಇಂಜಿನ್‌ನ ಡೀಸೆಲ್ ಪಂಪ್ ಬಿಚ್ಚಿಸೋಕೆ ಹೊರಟಿದ್ದೆ.

ಸ್ಪೀಡ್ ಗವರ್ನರ್ ಕೂಡ ಗೇರ್‌ಬಾಕ್ಸ್ ಕಡೆಯಿಂದಲೇ ವೇಗ ಓದುವಂಥದ್ದಾದರೆ ಇನ್ನೂ ದೊಡ್ಡ ತಲೆನೋವು. 80ಕ್ಕೆ ಕಟ್ಟಿದ್ದು 93ರವರೆಗೆ ಬಿಟ್ಟುಕೊಡುತ್ತದೆ. ಆ ವೇಗ ಕಾನೂನಿಗೂ ಆಗಲ್ಲ, ಹಳೆ ಬ್ರೇಕಿಗೂ ಆಗಲ್ಲ. ರೇಶಿಯೋ ಬದಲಾಯಿಸಿದ ದಿನವೇ ಗವರ್ನರ್ ಕೂರಿಸಿದವರ ಹತ್ತಿರ ಹೋಗಿ ಹೊಸದಾಗಿ ಸೆಟ್ ಮಾಡಿಸಿ.

ಮೀಟರ್ ಸರಿ ಮಾಡಿಸೋಕೆ ಗೇರ್‌ಬಾಕ್ಸ್ ಹಿಂದಿನ ಸಣ್ಣ ಗೇರ್ ಬದಲಾಗಬೇಕು. ನನ್ನ ಗಾಡಿಗೆ ಅದಿನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಕ್ಲೀನರ್ ಹುಡುಗ ಡ್ಯಾಶ್‌ಬೋರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದಾನೆ: 30 ಅಂದ್ರೆ 35, 60 ಅಂದ್ರೆ 70. ಹೌಸಿಂಗ್ ಮೇಲಿನ ಹಳೆ ಪ್ಲೇಟ್ ಈಗ ನಿಜ ಹೇಳುತ್ತಿದೆ. ಆದರೂ ಅದರ ಪಕ್ಕ, ಒಳಗೆ ಹಾಕಿದ್ದು 7/41 ಅಂತ, ತಾರೀಖು ಸಮೇತ ಮೇಸ್ತ್ರಿ ಪೇಂಟ್‌ನಲ್ಲಿ ಬರೆದುಕೊಟ್ಟಿದ್ದಾರೆ.